ಟೋಟಲ್ ಸರಿ ಇತ್ತು ಸಾರ್

"ಟೋಟಲ್ ಸರಿ ಇದೆಯಲ್ಲ ಸಾರ್, ಮತ್ತೇನು ಪ್ರಾಬ್ಲಮ್ಮು?"

ಅಮೆಚೂರ್ ಗಾಲ್ಫ್ ಪಂದ್ಯಗಳಿಗೆ ರೆಫ್ರಿಯಾಗಿ ಹೋಗಲು ಶುರು ಮಾಡಿ ಹದಿನೈದು ವರ್ಷ ದಾಟಿತು. ಈ ಒಂದು ಪ್ರಶ್ನೆ ಕೇಳದೆ ಮನೆಗೆ ಬಂದ ಸೀಸನ್ ಇಲ್ಲ. ಬಂಕರ್, ಡ್ರಾಪ್, ಕಳೆದುಹೋದ ಬಾಲು, ಇವೆಲ್ಲ ಜನ ಹೇಗೋ ಕಲಿಯುತ್ತಾರೆ. ಎರಡೂವರೆ ಲಕ್ಷದ ಕಿಟ್ ಇಟ್ಟುಕೊಂಡವರೂ, ಒಂದೊಂದು ಹೋಲಿಗೆ ಎಷ್ಟು ಹೊಡೆತ ಆಯಿತು ಅಂತ ಬರೆಯುವ ಅಂಗೈ ಅಗಲದ ಸ್ಕೋರ್‌ಕಾರ್ಡ್ ಮುಂದೆ ಮಾತ್ರ ಎಡವುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಒಂದು ಜೂನಿಯರ್ ಪಂದ್ಯ, ಹದಿಮೂರು ವರ್ಷದ ಹುಡುಗಿ. ಕಾರ್ಡ್ ಕೊಟ್ಟು, ಥ್ಯಾಂಕ್ಯೂ ಅಂಕಲ್ ಅಂದು, ಸೀದಾ ಕ್ಯಾಂಟೀನಿಗೆ ಓಡಿದಳು. ಕೆಳಗೆ ಅವಳದೇ ಅಕ್ಷರದಲ್ಲಿ ದಪ್ಪಗೆ 84 ಅಂತ ಇತ್ತು, ಸುತ್ತ ಒಂದು ವೃತ್ತ ಬೇರೆ. ನಾನು ಕೂಡಿದೆ, 83 ಬಂತು. ಮತ್ತೆ ಕೂಡಿದೆ, 83. ಕ್ಯಾಂಟೀನಿಗೆ ಹೋಗಿ ಕೇಳಿದರೆ ಕೈಯಲ್ಲಿ ಮಸಾಲೆದೋಸೆ ಹಿಡಿದುಕೊಂಡೇ ಹೇಳಿದಳು: "ಏಳನೇ ಹೋಲ್‌ನಲ್ಲಿ ಆರು ಅಂಕಲ್, ನೀರಿಗೆ ಹೋಗಿತ್ತಲ್ಲ." ಕಾರ್ಡಿನಲ್ಲಿ ಏಳನೇ ಹೋಲಿಗೆ 5 ಅಂತ ಇತ್ತು. ನಿಯಮದಂತೆ ಜೊತೆಗೆ ಆಡಿದ ಇನ್ನೊಂದು ಮಗು ಬರೆದದ್ದು. ಕೆಳಗೆ ಎರಡೂ ಸಹಿ.

ಡಿಸ್‌ಕ್ವಾಲಿಫೈ ಮಾಡಲೇಬೇಕಾಯಿತು. ಹಾಗೆ ಹೇಳುವಾಗ ದೋಸೆ ತಟ್ಟೆ ನೋಡುತ್ತಿದ್ದೆನೇ ಹೊರತು ಅವಳ ಮುಖ ನೋಡಲಿಲ್ಲ. ಹುಡುಗಿ ಅಳಲಿಲ್ಲ. ಅಪ್ಪ ಬಂದರು. ವೃತ್ತಿಯಲ್ಲಿ ಲೆಕ್ಕಪರಿಶೋಧಕರು. ಫೋನಿನ ಕ್ಯಾಲ್ಕುಲೇಟರ್ ತೆಗೆದು ನನ್ನ ಮುಂದೆ ಹಿಡಿದು, "ಅವಳು ಹೊಡೆದದ್ದು 84, ಬರೆದದ್ದು 84, ಎಲ್ಲಿ ಸಾರ್ ಮೋಸ?" ಅಂದರು. ಮೋಸ ಇಲ್ಲವೇ ಇಲ್ಲ. ಅದೇ ಬೇಜಾರಿನ ಸಂಗತಿ.

ಅವರಿಗೆ ಜ್ಯಾಕಿ ಪಂಗ್ ಕಥೆ ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತೇನೆ.

ಪಂಗ್ ಹವಾಯಿಯವರು. 1952ರಲ್ಲಿ ಅಮೆರಿಕದ ಮಹಿಳಾ ಅಮೆಚೂರ್ ಗೆದ್ದು ಪ್ರೊ ಆದರು. ಮರುವರ್ಷವೇ, 1953ರಲ್ಲಿ, ಯುಎಸ್ ವಿಮೆನ್ಸ್ ಓಪನ್‌ನಲ್ಲಿ ಬೆಟ್ಸಿ ರಾಲ್ಸ್ ಜೊತೆ ಸಮ ಮಾಡಿಕೊಂಡು, ಗೆದ್ದವರ ತೀರ್ಮಾನಕ್ಕೆ ಆಡಿಸಿದ ಪ್ಲೇಆಫ್‌ನಲ್ಲಿ ಸೋತರು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಆ ಪಂದ್ಯವನ್ನು ತಾನೇ ನಡೆಸಿದ ಮೊದಲ ವರ್ಷ ಅದು. ನಾಲ್ಕು ವರ್ಷ ಬಿಟ್ಟು 1957, ಅದೇ ಓಪನ್. ನ್ಯೂಯಾರ್ಕ್ ರಾಜ್ಯದ ವಿಂಗ್ಡ್ ಫುಟ್ ಕ್ಲಬ್, ಈಸ್ಟ್ ಕೋರ್ಸ್. ಮಹಿಳೆಯರ ಗಾಲ್ಫ್‌ನಲ್ಲಿ ವರ್ಷದ ಅತಿ ದೊಡ್ಡ ಪಂದ್ಯಗಳನ್ನು ಮೇಜರ್ ಅನ್ನುತ್ತಾರೆ, ಇದಕ್ಕಿಂತ ದೊಡ್ಡ ಮೇಜರ್ ಇಲ್ಲ ಅನ್ನುವವರೇ ಇವತ್ತಿಗೂ ಜಾಸ್ತಿ. ಕೊನೆಯ ಸುತ್ತಿನಲ್ಲಿ ಪಂಗ್ 72 ಹೊಡೆದರು, ಒಟ್ಟು 298. ರಾಲ್ಸ್ 299. ಕಮ್ಮಿ ಹೊಡೆದವರೇ ಗೆದ್ದಂತೆ, ಹಾಗಾಗಿ ಒಂದೇ ಒಂದು ಹೊಡೆತದಿಂದ ಪಂಗ್ ಗೆದ್ದರು. ಜನ ಸುತ್ತುವರಿದರು, ಅಪ್ಪಿಕೊಂಡರು, ಫೋಟೋ ತೆಗೆದರು.

ಆಮೇಲೆ ಯಾರೋ ಕಾರ್ಡ್ ನೋಡಿದರು. ನಾಲ್ಕನೇ ಹೋಲ್. ಪಂಗ್ ಅಲ್ಲಿ ಹೊಡೆದದ್ದು 6. ಕಾರ್ಡಿನಲ್ಲಿದ್ದದ್ದು 5. ಕೆಳಗಿನ ಟೋಟಲ್ ಮಾತ್ರ 72, ಸರಿಯಾದ 72. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಿಸ್‌ಕ್ವಾಲಿಫೈ. ಟ್ರೋಫಿ ಮತ್ತೆ ರಾಲ್ಸ್ ಕೈಗೆ.

ಇನ್ನೊಂದು ವಿಚಿತ್ರ ಕೇಳಿ. ಪಂಗ್ ಅವರ ಕಾರ್ಡ್ ಬರೆಯುತ್ತಿದ್ದವರು ಬೆಟ್ಟಿ ಜೇಮ್ಸನ್. ಸಾಮಾನ್ಯರಲ್ಲ, 1947ರಲ್ಲಿ ಇದೇ ಓಪನ್ ಗೆದ್ದವರು, ವೃತ್ತಿಪರ ಆಟಗಾರ್ತಿಯರ ಸಂಸ್ಥೆ ಎಲ್‌ಪಿಜಿಎ ಕಟ್ಟಿದ ಹದಿಮೂರು ಜನರಲ್ಲಿ ಒಬ್ಬರು. ಅವರೂ ಆ ನಾಲ್ಕನೇ ಹೋಲ್‌ನಲ್ಲಿ 6 ಹೊಡೆದಿದ್ದರು, ಅವರ ಕಾರ್ಡಿನಲ್ಲಿ ಪಂಗ್ ಕೂಡ 5 ಬರೆದಿದ್ದರು. ಇಬ್ಬರದೂ ಒಂದೇ ಹೋಲ್, ಒಂದೇ ತಪ್ಪು. ಇಬ್ಬರೂ ಔಟ್. ಕ್ಲಬ್ಬಿನ ಸದಸ್ಯರು ಹೊಟ್ಟೆ ಉರಿದು ಅಲ್ಲೇ ಪಂಗ್‌ಗಾಗಿ ಚಂದಾ ಎತ್ತಿದರು. ಗೆದ್ದವರಿಗೆ ಸಿಕ್ಕ 1,800 ಡಾಲರ್ ಬಹುಮಾನಕ್ಕಿಂತ ಆ ಚಂದಾದ ದುಡ್ಡೇ ಜಾಸ್ತಿಯಾಯಿತು. ಆದರೆ ಚಂದಾ ದುಡ್ಡಿಗೆ ಟ್ರೋಫಿ ಮೇಲೆ ಹೆಸರು ಕೆತ್ತುವುದಿಲ್ಲವಲ್ಲ.

ಈಗ ನಾನು ಹೇಳಬೇಕಾದ ವಿಷಯ. ದಯವಿಟ್ಟು ನಿಧಾನವಾಗಿ ಓದಿ. ಓದಿದ ಮೇಲೂ ಮುಂದಿನ ಭಾನುವಾರ ಅದೇ ಪ್ರಶ್ನೆ ಕೇಳುತ್ತೀರಿ, ಗೊತ್ತು.

ಸ್ಟ್ರೋಕ್ ಪ್ಲೇನಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸುವ ಆಟದಲ್ಲಿ, ನೀವು ಸಹಿ ಹಾಕುವುದು ಟೋಟಲ್‌ಗೆ ಅಲ್ಲ. ಒಂದೊಂದು ಹೋಲಿನ ಅಂಕಿಗೆ. ಹದಿನೆಂಟು ಬೇರೆ ಬೇರೆ ಹೇಳಿಕೆಗಳ ಕೆಳಗೆ ಒಂದೇ ಸಹಿ ಅಂದುಕೊಳ್ಳಿ. ಕೂಡುವುದು ಕಮಿಟಿಯ ಕೆಲಸ. ನೀವು ಟೋಟಲ್ ಜಾಗದಲ್ಲಿ 48 ಅಂತ ಬರೆದರೂ, ಖಾಲಿ ಬಿಟ್ಟರೂ, ನಿಮ್ಮ ಮನೆ ನಾಯಿಯ ಹೆಸರು ಬರೆದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಯಾವುದಾದರೂ ಒಂದು ಹೋಲಿಗೆ ನಿಜವಾಗಿ ಹೊಡೆದದ್ದಕ್ಕಿಂತ ಒಂದು ಕಮ್ಮಿ ಇದ್ದು ನೀವು ಸಹಿ ಹಾಕಿ ಕಾರ್ಡ್ ಕೊಟ್ಟು ಹೋದರೆ ಡಿಸ್‌ಕ್ವಾಲಿಫೈ. ಜಾಸ್ತಿ ಇದ್ದರೆ ಆ ಜಾಸ್ತಿಯೇ ನಿಮ್ಮ ಸ್ಕೋರ್. ಅಷ್ಟೇ.

ಆ ಜಾಸ್ತಿಯ ಕಥೆ ಎಲ್ಲರಿಗೂ ಗೊತ್ತು. 1968ರ ಮಾಸ್ಟರ್ಸ್ ಅನ್ನುವ ಮೇಜರ್, ಆಟಗಾರ ರಾಬರ್ಟೋ ಡಿ ವಿಸೆಂಜೊ, ಕಾರ್ಡಿನಲ್ಲಿ ಹದಿನೇಳನೇ ಹೋಲಿಗೆ 3ರ ಬದಲು 4, ಒಂದು ಹೊಡೆತದಿಂದ ಪ್ಲೇಆಫ್ ತಪ್ಪಿತು. ಯಾವ ಕ್ಲಬ್ಬಿನ ಬಾರ್‌ನಲ್ಲಿ ಕೂತರೂ ಯಾರೋ ಒಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ಅದಕ್ಕೂ ಹನ್ನೊಂದು ವರ್ಷ ಮೊದಲು ಗೆದ್ದೇಬಿಟ್ಟಿದ್ದ ಹೆಂಗಸಿನ ಕಥೆ ಕೇಳಿ ನೋಡಿ. ಯಾರು ಪಂಗ್? ಅನ್ನುತ್ತಾರೆ. ಇರಲಿ ಬಿಡಿ.

"ಟೋಟಲ್ ಸರಿ, ಹೋಲ್ ತಪ್ಪು" ಹೇಗೆ ಆಗುತ್ತದೆ ಅಂತ ಆ ಅಪ್ಪನಿಗೆ ಅರ್ಥವೇ ಆಗಲಿಲ್ಲ. ಲೆಕ್ಕದವರಿಗೆ ಅದು ಅರ್ಥವಾಗದ್ದೂ ಸಹಜ. ನೋಡಿ, ಕಾರ್ಡುಗಳನ್ನು ಶುರುವಿನಲ್ಲೇ ಅದಲು ಬದಲು ಮಾಡಿಕೊಳ್ಳುತ್ತೀರಿ. ನಿಮ್ಮ ಅಂಕಿ ಬರೆಯುವುದು ಜೊತೆಯವರು, ಅವರದ್ದು ನೀವು. ಆದರೆ ಆಟಗಾರ್ತಿಯ ತಲೆಯಲ್ಲಿ ಅವಳದ್ದೇ ಒಂದು ಲೆಕ್ಕ ಓಡುತ್ತಿರುತ್ತದೆ: ಕೋರ್ಸಿಗೆ ನಿಗದಿಯಾದ ಹೊಡೆತಕ್ಕಿಂತ ಇಷ್ಟು ಓವರ್, ಇಷ್ಟು ಅಂಡರ್. ಕೊನೆಗೆ ಟೋಟಲ್ ಬರೆಯುವಾಗ ಕಾರ್ಡಿನ ಅಂಕಿ ಕೂಡುವುದಿಲ್ಲ, ತಲೆಯಲ್ಲಿದ್ದದ್ದನ್ನು ಬರೆಯುತ್ತಾಳೆ. ತಲೆ ಸರಿ ಇತ್ತು, ಪೆನ್ಸಿಲ್ ತಪ್ಪಿತ್ತು. ಟೋಟಲ್ ಸರಿ ಕಂಡ ಕೂಡಲೇ ಮನಸ್ಸಿಗೆ ಸಮಾಧಾನ, ಮೇಲೆ ಕಣ್ಣೇ ಹೋಗುವುದಿಲ್ಲ. ಟೋಟಲ್ ಸರಿ ಇರುವುದೇ ಅಪಾಯ ಅಂತ ನಾನು ಹೇಳುವುದು ಅದಕ್ಕೇ.

ಬರೆದವಳು ತಪ್ಪು ಬರೆದರೆ ಶಿಕ್ಷೆ ಯಾರಿಗೆ? ಸಹಿ ಹಾಕಿ ಕೊಟ್ಟವಳಿಗೆ. ಬರೆದವಳು ಗೊತ್ತಿದ್ದೂ ತಪ್ಪು ಅಂಕಿಗೆ ಸಹಿ ಹಾಕಿದ್ದರೆ ಬೇರೆ ಮಾತು. ಅಲ್ಲಿ ಅವಳಿಗೂ ಕಷ್ಟವಿದೆ. ಯಾರು ಎಷ್ಟು ಹೋಲ್ ಗೆದ್ದರು ಅಂತ ನೋಡುವ ಮ್ಯಾಚ್ ಪ್ಲೇಗೆ ಇದ್ಯಾವುದೂ ಬರುವುದಿಲ್ಲ. ಹೋಲಿಗಿಷ್ಟು ಪಾಯಿಂಟ್ ಅಂತ ಕೊಡುವ ಸ್ಟೇಬಲ್‌ಫರ್ಡ್ ಥರದ ಆಟಗಳಿಗೆ ಸ್ವಲ್ಪ ಬೇರೆ ವಿವರ ಇದೆ, ಅದಕ್ಕೆ ನಿಮ್ಮ ಕಮಿಟಿಯನ್ನೇ ಕೇಳಿ, ಈ ಅಂಕಣವನ್ನು ತೋರಿಸಿ ಜಗಳ ಆಡಬೇಡಿ.

ಜಗಳ ಅಂದರೆ ನೆನಪಾಯಿತು. ಅಪ್ಪನವರು ಮರುದಿನ ಫೋನ್ ಮಾಡಿದರು. ರಾತ್ರಿಯಿಡೀ ಯೂಟ್ಯೂಬ್ ನೋಡಿರಬೇಕು. "ಸಾರ್, ಲೆಕ್ಸಿ ಥಾಂಪ್ಸನ್ ಆದಮೇಲೆ ರೂಲೇ ಬದಲಾಯಿತಂತಲ್ಲ? ಈಗ ಡಿಸ್‌ಕ್ವಾಲಿಫೈ ಇಲ್ಲವಂತಲ್ಲ?"

ಅರ್ಧ ಸರಿ. ಈ ಅರ್ಧ ಸರಿಗಳೇ ನನ್ನ ಆಯಸ್ಸು ತಿನ್ನುತ್ತಿರುವುದು.

2017ರ ಎಎನ್‌ಎ ಇನ್ಸ್‌ಪಿರೇಷನ್, ಕ್ಯಾಲಿಫೋರ್ನಿಯಾದ ಮಿಷನ್ ಹಿಲ್ಸ್. ಗೆದ್ದವರು ಕೊಳಕ್ಕೆ ಹಾರುತ್ತಿದ್ದರಲ್ಲ, ಆ ಮೇಜರ್. ಈಗ ಶೆವ್ರಾನ್ ಅಂತ ಹೆಸರು, ಜಾಗ ಟೆಕ್ಸಸ್. ಶನಿವಾರ ಹದಿನೇಳನೇ ಗ್ರೀನ್‌ನಲ್ಲಿ, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲಿನಲ್ಲಿ, ಅಮೆರಿಕದ ಆಟಗಾರ್ತಿ ಲೆಕ್ಸಿ ಒಂದು ಸಣ್ಣ ಪಟ್‌ಗೆ ಬಾಲ್ ಇದ್ದ ಜಾಗ ಮಾರ್ಕ್ ಮಾಡಿ ಎತ್ತಿ, ಮತ್ತೆ ಇಟ್ಟರು. ಇಟ್ಟದ್ದು ಒಂದು ಇಂಚು ಆಚೆ. ಯಾರೂ ನೋಡಲಿಲ್ಲ, ಲೆಕ್ಸಿಯೂ ಗಮನಿಸಲಿಲ್ಲ. 67ಕ್ಕೆ ಸಹಿ ಹಾಕಿ ಹೋದರು. ಭಾನುವಾರ ಯಾರೋ ಟಿವಿ ವೀಕ್ಷಕರು ಇಮೇಲ್ ಕಳಿಸಿದರು. ಹನ್ನೆರಡು ಹೋಲ್ ಮುಗಿಸಿ, ಎರಡು ಹೊಡೆತ ಮುಂದೆ ಇದ್ದ ಹುಡುಗಿಗೆ ಅಧಿಕಾರಿ ಬಂದು ಹೇಳಿದರು: ತಪ್ಪು ಜಾಗದಿಂದ ಆಡಿದ್ದಕ್ಕೆ ಎರಡು, ತಪ್ಪು ಕಾರ್ಡಿಗೆ ಸಹಿ ಹಾಕಿದ್ದಕ್ಕೆ ಮತ್ತೆರಡು. ನಾಲ್ಕು. ಶನಿವಾರದ 67 ಭಾನುವಾರ 71 ಆಯಿತು. ಕಣ್ಣೀರು ಒರೆಸಿಕೊಂಡು ಆಡಿ ಸಮ ಮಾಡಿಕೊಂಡರು, ಪ್ಲೇಆಫ್‌ನ ಮೊದಲ ಹೋಲ್‌ನಲ್ಲೇ ಕೊರಿಯಾದ ಸೋ ಯೋನ್ ರ್ಯು ಬರ್ಡಿ ಮಾಡಿ, ಅಂದರೆ ನಿಗದಿಗಿಂತ ಒಂದು ಕಮ್ಮಿ ಹೊಡೆದು ಗೆದ್ದರು. ಆ ಭಾನುವಾರ ನೋಡಿದ ಯಾವ ರೆಫ್ರಿಗೂ ಖುಷಿಯಾಗಿರಲಾರದು. ನನಗಂತೂ ಆಗಲಿಲ್ಲ.

ಆ ಮೊದಲೆರಡು ಹೊಡೆತದ ಬಗ್ಗೆ ನನಗೆ ತಕರಾರಿಲ್ಲ. ಬಾಲು ಎತ್ತಿದ ಜಾಗದಲ್ಲೇ ಇಡಬೇಕು. ಆದರೆ ಗೊತ್ತೇ ಇಲ್ಲದ ಪೆನಾಲ್ಟಿಯನ್ನು ಬರೆಯಲಿಲ್ಲ ಅಂತ ಮತ್ತೆರಡು ಹಾಕಿದ್ದು ಗಾಯದ ಮೇಲೆ ಬರೆ ಎಳೆದಂತೆ. ಗಾಲ್ಫ್ ನಿಯಮ ಮಾಡುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎಗೂ ಹಾಗೇ ಅನಿಸಿರಬೇಕು. 2018ರ ಜನವರಿ 1ರಿಂದ ಆ ಎರಡನೆಯ ಎರಡನ್ನು ಕೈಬಿಟ್ಟರು, ವೀಕ್ಷಕರ ಫೋನು ಇಮೇಲುಗಳಿಗೂ ಬಾಗಿಲು ಹಾಕಿದರು.

ಬದಲಾದದ್ದು ಅಷ್ಟೇ. ಪೆನಾಲ್ಟಿ ಆಗಿದೆ ಅಂತ ನಿಮಗೆ ಗೊತ್ತೇ ಇರದಿದ್ದರೆ ರಿಯಾಯಿತಿ. ಗೊತ್ತಿದ್ದ ಹೊಡೆತವನ್ನು ತಪ್ಪಾಗಿ ಬರೆದಿದ್ದರೆ ರಿಯಾಯಿತಿ ಇಲ್ಲ. ನಿಮ್ಮ ಮಗಳಿಗೆ ಬಾಲು ನೀರಿಗೆ ಹೋದದ್ದು ಗೊತ್ತಿತ್ತು, ಆರು ಅಂತಲೂ ಗೊತ್ತಿತ್ತು, ದೋಸೆ ತಿನ್ನುತ್ತಾ ಹೇಳಿದಳು ಕೂಡ. ಅವಳದ್ದು ಲೆಕ್ಸಿ ಕೇಸ್ ಅಲ್ಲ ಸಾರ್, ಪಂಗ್ ಕೇಸ್. 2024ರಲ್ಲಿ ಜೋರ್ಡನ್ ಸ್ಪೀತ್ ಅಂಥವರನ್ನೇ ಒಂದು ಹೋಲಿಗೆ 4ರ ಬದಲು 3 ಇದ್ದ ಕಾರ್ಡಿಗಾಗಿ ರಿವಿಯೆರಾ ಕೋರ್ಸಿನಿಂದ ಮನೆಗೆ ಕಳಿಸಿದರು. ಮೂರು ಮೇಜರ್ ಗೆದ್ದವರು ಅವರು.

ಈ ನಿಯಮ ನ್ಯಾಯವೇ ಅಂದರೆ, ಕೆಲವು ದಿನ ಹೌದು ಅನ್ನುತ್ತೇನೆ, ಕೆಲವು ದಿನ ಸುಮ್ಮನಿರುತ್ತೇನೆ. ಇಡೀ ಕೋರ್ಸಿಗೆ ನಾವು ಮೂರು ನಾಲ್ಕು ಜನ ರೆಫ್ರಿಗಳು. ಮಿಕ್ಕಿದ್ದೆಲ್ಲ ಆಟಗಾರರ ಮಾತಿನ ಮೇಲೆಯೇ ನಡೆಯುವುದು. ಆ ಮಾತು ಇರುವುದು ಕಾರ್ಡಿನಲ್ಲಿ. ಬೆಟ್ಸಿ ರಾಲ್ಸ್ ಮುಂದೆ ಎಲ್‌ಪಿಜಿಎಯ ಟೂರ್ನಮೆಂಟ್ ಡೈರೆಕ್ಟರ್ ಆದರು. ಪುರುಷರ ಯುಎಸ್ ಓಪನ್‌ನ ನಿಯಮ ಸಮಿತಿಯಲ್ಲಿ ಕೂತ ಮೊದಲ ಮಹಿಳೆಯೂ ಅವರೇ. ನಾಲ್ಕು ಓಪನ್ ಗೆದ್ದವರು, ಅದರಲ್ಲಿ ಒಂದು ಹೀಗೆ ಬಂದದ್ದು. ಪಂಗ್ 95 ವರ್ಷ ಬದುಕಿ 2017ರ ಮಾರ್ಚ್‌ನಲ್ಲಿ ತೀರಿಕೊಂಡರು. ಲೆಕ್ಸಿಯ ಆ ಭಾನುವಾರ ಬಂದದ್ದು ಏಪ್ರಿಲ್ 2ಕ್ಕೆ.

2021ರ ಆಗಸ್ಟ್‌ನ ಆ ಶನಿವಾರ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದಾಗ, ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಟಿವಿ ಓಡುತ್ತಿತ್ತು. ಅದಾದ ಮೇಲೆ ಜೂನಿಯರ್ ಪಂದ್ಯಗಳಿಗೆ ಹೆಣ್ಣುಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಜಾಸ್ತಿಯಾದರು, ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ. ಬಹಳ ಸಂತೋಷ. ಸ್ವಿಂಗ್‌ಗೆ ಕೋಚ್, ಫಿಟ್‌ನೆಸ್‌ಗೆ ಕೋಚ್, ಈಗ ಮನಸ್ಸಿಗೂ ಕೋಚ್ ಇಡುತ್ತಾರೆ. ಕಾರ್ಡ್ ಓದಲು ಮಾತ್ರ ಯಾರೂ ಕಲಿಸುವುದಿಲ್ಲ. ಕಲಿಯಲು ಹತ್ತು ನಿಮಿಷ ಸಾಕು. ಕೊಡುವ ಮುಂಚೆ ಜೊತೆಯವಳ ಜೊತೆ ಕೂತು ಒಂದೊಂದೇ ಹೋಲ್ ಬಾಯಿಬಿಟ್ಟು ಓದಬೇಕು. ಸ್ಕೋರಿಂಗ್ ಜಾಗ ಬಿಟ್ಟು ಹೊರಡುವ ತನಕ ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದು, ಪೆನಾಲ್ಟಿ ಇಲ್ಲ, ನಾನು ಗದರುವುದೂ ಇಲ್ಲ.

ಕಳೆದ ಸೀಸನ್‌ನಲ್ಲಿ ಆ ಹುಡುಗಿ ಮತ್ತೆ ಬಂದಿದ್ದಳು. ಒಂದು ಗೇಣು ಎತ್ತರ ಆಗಿದ್ದಾಳೆ. ಟೇಬಲ್ ಮುಂದೆ ಕೂತು, ಕಾರ್ಡಿನ ಮೇಲೆ ಬೆರಳಿಟ್ಟು, "ಒಂದರಲ್ಲಿ ಐದು, ಎರಡರಲ್ಲಿ ನಾಲ್ಕು" ಅಂತ ಶುರು ಮಾಡಿದಳು. ಹಿಂದೆ ಆರು ಜನ ಕ್ಯೂ ನಿಂತಿದ್ದರು. ಒಂಬತ್ತರ ಹತ್ತಿರ ಬಂದವಳು ಯಾಕೋ ಅನುಮಾನ ಬಂದು ಮತ್ತೆ ಒಂದರಿಂದ ಹಿಡಿದಳು. ಟೋಟಲ್ ಜಾಗ ಖಾಲಿ ಬಿಟ್ಟಿದ್ದಳು. ಹಗ್ಗದ ಆಚೆ ಅಪ್ಪ ವಾಚು ನೋಡುತ್ತಾ ನನಗೆ ಕೈ ಸನ್ನೆ ಮಾಡುತ್ತಿದ್ದರು, ಏನು ಸಾರ್ ಇಷ್ಟು ಲೇಟು ಅಂತ.