ಡ್ರೈವ್-ಇನ್ ಸಿನಿಮಾ: ಅಷ್ಟು ಹೊತ್ತು ರೇಡಿಯೊ ಹಾಕಿದರೆ ಕಾರಿನ ಬ್ಯಾಟರಿ ಡೌನ್ ಆಗುವುದಿಲ್ಲವೇ?

ಪ್ರಶ್ನೆ: ಊರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅವರನ್ನು ಇಲ್ಲಿ, ಅಮೆರಿಕದಲ್ಲಿ, ಒಮ್ಮೆ ಡ್ರೈವ್-ಇನ್ ಚಿತ್ರಮಂದಿರಕ್ಕೆ, ಅಂದರೆ ಕಾರಿನಲ್ಲೇ ಕೂತು ಬಯಲಿನ ದೊಡ್ಡ ಪರದೆಯಲ್ಲಿ ಸಿನಿಮಾ ನೋಡುವ ಜಾಗಕ್ಕೆ, ಕರೆದೊಯ್ಯುವ ಆಸೆ. ಸಿನಿಮಾದ ಧ್ವನಿ ಕಾರಿನ ರೇಡಿಯೊದಲ್ಲೇ ಬರುತ್ತದಂತೆ. ಎರಡು ಸಿನಿಮಾ ಮುಗಿಯುವಷ್ಟರಲ್ಲಿ ಬ್ಯಾಟರಿ ಡೌನ್ ಆಗಿ ನಡುರಾತ್ರಿ ಅಲ್ಲೇ ಸಿಕ್ಕಿಕೊಂಡರೆ? ಎಂಜಿನ್ ಚಾಲೂ ಇಟ್ಟುಕೊಂಡೇ ನೋಡಬಹುದೇ?

ಉತ್ತರ: ಬ್ಯಾಟರಿ ಚೆನ್ನಾಗಿದ್ದು, ರೇಡಿಯೊ ಒಂದನ್ನೇ ಹಾಕಿಕೊಂಡರೆ ಏನೂ ಆಗುವುದಿಲ್ಲ. ಬ್ಯಾಟರಿ ಇಳಿಯುವುದು ಹೆಚ್ಚಾಗಿ ರೇಡಿಯೊದಿಂದಲ್ಲ, ಅದರ ಜೊತೆಗೆ ನಮಗೆ ಗೊತ್ತಿಲ್ಲದೆ ಉರಿಯುತ್ತ, ತಿರುಗುತ್ತ ಇರುವ ಬೇರೆಲ್ಲದರಿಂದ. ಎಂಜಿನ್ ಮಾತ್ರ ಚಾಲೂ ಇಡಬೇಡಿ.

ಲೆಕ್ಕ ಹೀಗೆ. ಸಾಮಾನ್ಯ ಕಾರಿನ 12 ವೋಲ್ಟ್ ಬ್ಯಾಟರಿಯ ಸಾಮರ್ಥ್ಯ 45ರಿಂದ 70 ಆಂಪಿಯರ್-ಅವರ್ (ಒಂದು ಆಂಪಿಯರ್ ವಿದ್ಯುತ್ತನ್ನು ಒಂದು ಗಂಟೆ ಎಳೆದರೆ ಒಂದು ಆಂಪಿಯರ್-ಅವರ್ ಖರ್ಚು). ನಿಮ್ಮದು 60 ಎಂದಿಟ್ಟುಕೊಳ್ಳಿ. ಮತ್ತೆ ಎಂಜಿನ್ ಸ್ಟಾರ್ಟ್ ಆಗಬೇಕಾದರೆ ಅದರಲ್ಲಿ ಅರ್ಧವನ್ನಾದರೂ ಉಳಿಸಿಕೊಳ್ಳುವುದು ಕ್ಷೇಮ. ಹಾಗಾಗಿ ಖರ್ಚಿಗೆ ಸಿಗುವುದು 30. ಸಾದಾ ರೇಡಿಯೊ ಹದವಾದ ವಾಲ್ಯೂಮ್‌ನಲ್ಲಿ ಒಂದರಿಂದ ಎರಡು ಆಂಪಿಯರ್ ಎಳೆಯುತ್ತದೆ. ಎರಡು ಸಿನಿಮಾದ ನಾಲ್ಕೂವರೆ ಗಂಟೆಗೆ ಹೆಚ್ಚೆಂದರೆ 9 ಆಂಪಿಯರ್-ಅವರ್ ಆಯಿತು. ಆದರೆ ಕೀಲಿಯನ್ನು ಒಂದು ಹಂತ ಮುಂದಕ್ಕೆ ತಿರುಗಿಸಿ ಇಗ್ನಿಷನ್ ಆನ್ ಮಾಡಿಟ್ಟರೆ ಎಂಜಿನ್ ಕಂಪ್ಯೂಟರ್, ಡ್ಯಾಶ್‌ಬೋರ್ಡ್, ಸೆನ್ಸರ್‌ಗಳೆಲ್ಲ ಎಚ್ಚರಗೊಳ್ಳುತ್ತವೆ. ಆಗ ಎಳೆತ ಹಲವು ಪಟ್ಟು ಏರುತ್ತದೆ. 55 ವ್ಯಾಟ್‌ನ ಎರಡು ಹ್ಯಾಲೊಜನ್ ಹೆಡ್‌ಲೈಟ್‌ಗಳೇ ಸುಮಾರು 9 ಆಂಪಿಯರ್ ನುಂಗುತ್ತವೆ. ಗಾಜಿನ ಮಂಜು ಬಿಡಿಸಲೆಂದು ಬ್ಲೋವರ್ ಅನ್ನು ಪೂರ್ತಿ ಜೋರಿಗೆ ಇಟ್ಟರೆ ಅದರ ಪಾಲು ಇನ್ನೂ ಹೆಚ್ಚು. ಇವೆಲ್ಲ ಸೇರಿದರೆ ಆ 30 ಮೊದಲ ಸಿನಿಮಾ ಮುಗಿಯುವ ಮೊದಲೇ ಖಾಲಿ.

ಆದ್ದರಿಂದ ಕೀಲಿ ಇರುವ ಕಾರಿನಲ್ಲಿ ರೇಡಿಯೊದಂಥವಕ್ಕೆ ಮಾತ್ರ ವಿದ್ಯುತ್ ಕೊಡುವ ಎಸಿಸಿ (ACC) ಎಂಬ ಗುರುತಿನಲ್ಲಿ ನಿಲ್ಲಿಸಿ. ಬಟನ್ ಇರುವ ಕಾರಾದರೆ ಬ್ರೇಕ್ ತುಳಿಯದೆ ಒಂದೇ ಸಲ ಒತ್ತಿ. ಎರಡನೇ ಸಲ ಒತ್ತಿದರೆ ಅನೇಕ ಕಾರುಗಳಲ್ಲಿ ಇಗ್ನಿಷನ್ ಆನ್ ಆಗುತ್ತದೆ. ಹೊಸ ಕಾರುಗಳಲ್ಲಿ ಬೇರೊಂದು ತೊಡಕಿದೆ: ಬ್ಯಾಟರಿ ಉಳಿಸಲೆಂದು ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಎಸಿಸಿ ತಾನಾಗಿಯೇ ಆಫ್ ಆಗಿ, ಸಿನಿಮಾದ ನಡುವೆ ಮಾತು ನಿಂತುಹೋಗುತ್ತದೆ. ಕಾರಿನ ಮ್ಯಾನುಯಲ್ ನೋಡಿ ಆ ಸೆಟ್ಟಿಂಗ್ ಬದಲಾಯಿಸಬಹುದೇ ಎಂದು ಮನೆಯಲ್ಲೇ ತಿಳಿದುಕೊಳ್ಳಿ. ಬಾಗಿಲು ತೆರೆದಾಗ ಹೊತ್ತುವ ಒಳದೀಪವನ್ನೂ ಹಗಲಲ್ಲೇ ಆರಿಸಿಡಿ, ಏಕೆಂದರೆ ಕತ್ತಲಲ್ಲಿ ಆ ಸ್ವಿಚ್ ಹುಡುಕುವಷ್ಟರಲ್ಲಿ ಹಿಂದಿನ ಸಾಲಿನವರ ಕಣ್ಣಿಗೆ ಬೆಳಕು ಹೊಡೆದಿರುತ್ತದೆ.

ಹೈಬ್ರಿಡ್ ಕಾರಿನವರು ಇನ್ನೂ ಎಚ್ಚರವಾಗಿರಬೇಕು. ಅವುಗಳ 12 ವೋಲ್ಟ್ ಬ್ಯಾಟರಿ ಹಲವು ಸಲ ಚಿಕ್ಕದು, ಎಸಿಸಿಯಲ್ಲಿ ಬೇಗ ಇಳಿಯುತ್ತದೆ. ರೆಡಿ ಸ್ಥಿತಿಯಲ್ಲಿ, ಅಂದರೆ ಕಾರು ಹೊರಡಲು ಸಿದ್ಧವಾಗಿರುವಂತೆ, ಇಟ್ಟರೆ ದೊಡ್ಡ ಬ್ಯಾಟರಿಯಿಂದ ಅದು ಚಾರ್ಜ್ ಆಗುತ್ತಿರುತ್ತದೆ ನಿಜ, ಆದರೆ ಆಗಾಗ ಎಂಜಿನ್ ತಾನಾಗಿ ಎದ್ದುಕೊಳ್ಳುತ್ತದೆ. ಪೂರ್ಣ ಎಲೆಕ್ಟ್ರಿಕ್ ಕಾರನ್ನು ಆನ್ ಮಾಡಿಟ್ಟರೆ ಸಾಮಾನ್ಯವಾಗಿ ಈ ಚಿಂತೆಯಿಲ್ಲ, ಅಲ್ಲಿ ದೀಪ ಆರಿಸುವುದಷ್ಟೇ ಕೆಲಸ.

ಇದೆಲ್ಲ ಬೇಡವೆನಿಸಿದರೆ, ನಾವು ಮೊದಲು ಹೇಳುವ ಉಪಾಯವೇ ಇದು: ಸೆಲ್ ಹಾಕುವ ಚಿಕ್ಕದೊಂದು ಎಫ್ಎಂ ರೇಡಿಯೊ ಕೊಂಡುಕೊಳ್ಳಿ. ಕಾರಿನ ಬ್ಯಾಟರಿಯನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ, ಹೊರಗೆ ಮಡಚುವ ಕುರ್ಚಿ ಹಾಕಿಕೊಂಡು ಕೂರಲೂ ಆಗುತ್ತದೆ. ಬರೀ ಬ್ಲೂಟೂತ್ ಇರುವ ಸ್ಪೀಕರ್ ತಂದು ಪರದಾಡುವವರು ಬಹಳ. ಅದರಲ್ಲಿ ಎಫ್ಎಂ ಇಲ್ಲದಿದ್ದರೆ ಪ್ರಯೋಜನವಿಲ್ಲ. ಫ್ರೀಕ್ವೆನ್ಸಿಯನ್ನು ಟಿಕೆಟ್ ಕೊಡುವಲ್ಲಿ ಹೇಳುತ್ತಾರೆ. ಹಲವು ಪರದೆಗಳಿದ್ದರೆ ಪ್ರತಿ ಪರದೆಗೂ ಬೇರೆ ಫ್ರೀಕ್ವೆನ್ಸಿ.

ಎಂಜಿನ್ ಚಾಲೂ ಇಡಬೇಡಿ ಎಂದದ್ದಕ್ಕೆ ಸದ್ದು, ಹೊಗೆ ಮಾತ್ರ ಕಾರಣವಲ್ಲ. ಎಸ್‌ಯುವಿಯವರು ಹಿಂಬದಿಯನ್ನು ಪರದೆಗೆ ತಿರುಗಿಸಿ, ಡಿಕ್ಕಿ ಬಾಗಿಲು ಎತ್ತಿ, ಅಲ್ಲೇ ಹಾಸಿಕೊಂಡು ಮಕ್ಕಳೊಂದಿಗೆ ಕೂರುತ್ತಾರೆ. ಸೈಲೆನ್ಸರ್ ಇರುವುದೂ ಅದರ ಕೆಳಗೇ. ಎಂಜಿನ್ ಓಡುತ್ತಿದ್ದರೆ ಬಣ್ಣ-ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಗಾಡಿಯ ಒಳಗೇ ತುಂಬಿಕೊಳ್ಳುತ್ತದೆ, ಜೀವಕ್ಕೇ ಅಪಾಯ. ಚಳಿಗೆ ಶಾಲು, ಕಂಬಳಿ ತನ್ನಿ. ಬೇಸಿಗೆಯಲ್ಲೂ ರಾತ್ರಿ ಹತ್ತರ ನಂತರ ಹಿರಿಯರಿಗೆ ಸ್ವೆಟರ್ ಬೇಕೇ ಬೇಕು. ಡಿಕ್ಕಿ ಬಾಗಿಲು ಕಾರಿನ ಛಾವಣಿಗಿಂತ ಮೇಲೆ ಹೋಗದಂತೆ ಹಗ್ಗದಿಂದ ಕಟ್ಟಿ, ಇಲ್ಲವಾದರೆ ಹಿಂದಿನವರಿಗೆ ಪರದೆಯೇ ಕಾಣದು.

ಧ್ವನಿ ಕಾರಿನ ರೇಡಿಯೊಗೆ ಬಂದು ಸೇರಿದ್ದು ಸಲೀಸಾಗಿ ಅಲ್ಲ. ರಿಚರ್ಡ್ ಹಾಲಿಂಗ್ಸ್‌ಹೆಡ್ 1933ರ ಜೂನ್ 6ರಂದು ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ಮೊದಲ ಪೇಟೆಂಟ್ ಪಡೆದ ಡ್ರೈವ್-ಇನ್ ತೆರೆದಾಗ ಸ್ಪೀಕರ್‌ಗಳಿದ್ದದ್ದು ಪರದೆಯ ಹತ್ತಿರ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 150 ಮೀಟರ್ ಹಿಂದೆ ನಿಂತ ಕಾರಿಗೆ ಮಾತು ತಲುಪುವಾಗ ತುಟಿ ಅಲುಗಾಡಿ ಅರ್ಧ ಸೆಕೆಂಡಿನ ಹತ್ತಿರ ಆಗಿರುತ್ತಿತ್ತು. ಸುತ್ತಲಿನ ಮನೆಯವರಿಗೂ ನಿದ್ದೆಯಿಲ್ಲ. 1940ರ ದಶಕದಲ್ಲಿ, ಕಾರಿನ ಕಿಟಕಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಸ್ಪೀಕರ್ ಬಂತು. ಎರಡು ಕಾರುಗಳ ನಡುವೆ ಒಂದು ಕಂಬ, ಅದಕ್ಕೆ ಎರಡು ಸ್ಪೀಕರ್. ಆದರೆ ಮಳೆ, ಹಿಮಕ್ಕೆ ಅವು ತುಕ್ಕು ಹಿಡಿಯುತ್ತಿದ್ದವು, ವೈರ್‌ಗಳು ತುಂಡಾಗುತ್ತಿದ್ದವು, ರಿಪೇರಿಗೆ ಕೊನೆಯಿರಲಿಲ್ಲ. 1980ರ ದಶಕದಲ್ಲಿ ಎಫ್ಎಂ ಪ್ರಸಾರ ಬಂದದ್ದರಿಂದ ಆ ಕಂಬಗಳ ಖರ್ಚು ತಪ್ಪಿತು. ಹಾಲಿಂಗ್ಸ್‌ಹೆಡ್‌ರ ಪೇಟೆಂಟಿನ ಹೂರಣ ಮಾತ್ರ ಇಂದಿಗೂ ಹಾಗೇ ಇದೆ. ಪ್ರತಿ ಸಾಲಿನ ನೆಲವೂ ದಿಬ್ಬದಂತೆ ಏರಿರುತ್ತದೆ. ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸಿದರೆ ಕಾರಿನ ಮೂತಿ ಮೇಲೆದ್ದು, ಮುಂದಿನ ಕಾರಿನ ನೆತ್ತಿಯ ಮೇಲಿಂದ ಪರದೆ ಕಾಣುತ್ತದೆ. ನಿಲ್ಲಿಸುವಾಗ ಆ ದಿಬ್ಬದ ಮೇಲೆ ಸರಿಯಾಗಿ ಹತ್ತಿದ್ದೀರಾ ನೋಡಿಕೊಳ್ಳಿ.

ಹೊರಡುವ ವೇಳೆಯನ್ನೂ ಲೆಕ್ಕ ಹಾಕಿ. ಕತ್ತಲಾಗದೆ ಚಿತ್ರ ಶುರುವಾಗದು. ಉತ್ತರದ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲಿ ಅದು ಒಂಬತ್ತರ ಸುಮಾರಿಗೆ, ಎರಡನೆಯದು ಮುಗಿಯುವಾಗ ಒಂದು ದಾಟಿರುತ್ತದೆ. ಮಕ್ಕಳ ಚಿತ್ರ ಸಾಮಾನ್ಯವಾಗಿ ಮೊದಲು. ನಡುವಿನ ವಿರಾಮದಲ್ಲಿ ಮನೆಗೆ ಹೊರಟರೆ ಯಾರಿಗೂ ತೊಂದರೆಯಿಲ್ಲ. ಚಿತ್ರಾನ್ನ, ಚಪಾತಿಯ ಬುತ್ತಿ ಕಟ್ಟುವ ಮೊದಲು ಅಲ್ಲಿನ ನಿಯಮ ಓದಿ. ಕೆಲವೆಡೆ ಹೊರಗಿನ ಊಟ ನಿಷೇಧ, ಕೆಲವೆಡೆ ಅದಕ್ಕೆ ಪ್ರತ್ಯೇಕ ಶುಲ್ಕ. ಇದನ್ನು ಜಿಪುಣತನ ಎಂದುಕೊಳ್ಳಬಾರದು. ಟಿಕೆಟ್ ಹಣದ ದೊಡ್ಡ ಪಾಲು ಚಿತ್ರ ಹಂಚುವ ಕಂಪನಿಗೆ ಹೋಗುತ್ತದೆ, ಮಂದಿರ ಉಳಿಯುವುದು ಕ್ಯಾಂಟೀನಿನ ಪಾಪ್‌ಕಾರ್ನ್‌ನಿಂದ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ನಾಲ್ಕು ಸಾವಿರದಷ್ಟಿದ್ದ ಡ್ರೈವ್-ಇನ್‌ಗಳಲ್ಲಿ ಇಂದು ಉಳಿದಿರುವುದು ಮುನ್ನೂರರ ಆಸುಪಾಸು. ಶುಲ್ಕ ಕೊಟ್ಟು ಬುತ್ತಿ ಒಯ್ಯಿರಿ, ಪಾಪ್‌ಕಾರ್ನ್ ಕೂಡ ಕೊಳ್ಳಿ.

ಇಷ್ಟಾದರೂ ಬ್ಯಾಟರಿ ಕೈಕೊಟ್ಟರೆ ಗಾಬರಿ ಬೇಡ. ಹೆಚ್ಚಿನ ಕಡೆ ಸಿಬ್ಬಂದಿಯ ಬಳಿ ಬ್ಯಾಟರಿ ಇಳಿದ ಕಾರನ್ನು ಸ್ಟಾರ್ಟ್ ಮಾಡಿಸುವ ಜಂಪ್ ಸ್ಟಾರ್ಟರ್ ಇರುತ್ತದೆ. ಪಕ್ಕದ ಕಾರಿನಿಂದ ಕೇಬಲ್ ಹಾಕುವುದಾದರೆ ಕೆಂಪನ್ನು ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿಯನ್ನು ಅವರ ಪ್ಲಸ್‌ಗೆ ಸಿಕ್ಕಿಸಿ. ಕಪ್ಪನ್ನು ಅವರ ಮೈನಸ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ನಿಮ್ಮ ಬ್ಯಾಟರಿಯಿಂದ ದೂರವಿರುವ, ಬಣ್ಣ ಬಳಿಯದ ಲೋಹದ ಭಾಗಕ್ಕೆ ಕಚ್ಚಿಸಿ. ಕಿಡಿ ಹಾರಿದರೂ ಬ್ಯಾಟರಿಯ ಹತ್ತಿರ ಹಾರಬಾರದೆಂದೇ ಈ ಕ್ರಮ. ಅವರ ಎಂಜಿನ್ ಕೆಲವು ನಿಮಿಷ ಓಡಿದ ಮೇಲೆ ನಿಮ್ಮದನ್ನು ಸ್ಟಾರ್ಟ್ ಮಾಡಿ. ಬ್ಯಾಟರಿ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಹೋಗುವ ಮೊದಲೇ ಪರೀಕ್ಷೆ ಮಾಡಿಸಿ. ಮೇಲಿನ ಲೆಕ್ಕ ಅಂಥ ಬ್ಯಾಟರಿಗೆ ಅನ್ವಯಿಸುವುದಿಲ್ಲ.

ಎಲ್ಲಿಗೆ ಹೋಗಬೇಕು ಎಂದರೆ, ನ್ಯೂಜೆರ್ಸಿಯ ಕನ್ನಡಿಗರಿಗೆ ವೈನ್‌ಲ್ಯಾಂಡ್‌ನ ಡೆಲ್ಸಿ ಇದೆ. 1949ರಲ್ಲಿ ಶುರುವಾಗಿ, ಮುಚ್ಚಿ, 2004ರಲ್ಲಿ ಮತ್ತೆ ತೆರೆದುಕೊಂಡದ್ದು. ಪೆನ್ಸಿಲ್ವೇನಿಯದ ಓರ್‌ಫೀಲ್ಡ್‌ನಲ್ಲಿ 1934ರ ಶ್ಯಾಂಕ್‌ವೈಲರ್ಸ್, ಈಗಲೂ ನಡೆಯುತ್ತಿರುವವುಗಳಲ್ಲಿ ಅತಿ ಹಳೆಯದು. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿರುವ ವೆಲ್‌ಫ್ಲೀಟ್ 1957ರದು, ಅಲ್ಲಿ ಎಫ್ಎಂ ಜೊತೆಗೆ ಕಂಬದ ಹಳೆಯ ಸ್ಪೀಕರ್‌ಗಳನ್ನೂ ಉಳಿಸಿಕೊಂಡಿದ್ದಾರೆ. ಕಿಟಕಿಗೆ ಅದನ್ನು ಸಿಕ್ಕಿಸಿಕೊಂಡರೆ ರೇಡಿಯೊ ಮುಟ್ಟುವ ಕೆಲಸವೇ ಇಲ್ಲ. ಹೊರಡುವ ಮೊದಲು ಮರೆಯದೆ ಕಂಬಕ್ಕೆ ಮರಳಿಸಿ, ಇಲ್ಲದಿದ್ದರೆ ವೈರೂ ಹೋಗುತ್ತದೆ, ಕಿಟಕಿಯ ಗಾಜೂ ಹೋಗುತ್ತದೆ.