ವಿಷ ತೆಗೆದು ಬರೀ ಕಬ್ಬಿಣ ಕಳಿಸಿದ್ದರೆ ಆಗುತ್ತಿರಲಿಲ್ವಾ?

ಓದುಗರ ಪ್ರಶ್ನೆ: "ಫ್ರಾನ್ಸಿನ ಕ್ಲೆಮೆನ್ಸೋ ಹಡಗು ಅಲಂಗ್‌ಗೆ ಬರಬಾರದು ಅಂತ ಅಷ್ಟೊಂದು ಗಲಾಟೆ ಯಾಕೆ? ವಿಷದ ಸಾಮಾನೆಲ್ಲ ಅಲ್ಲೇ ತೆಗೆದು, ಬರೀ ಕಬ್ಬಿಣ ಕಳಿಸಿದ್ದರೆ ಮುಗಿಯುತ್ತಿತ್ತಲ್ವಾ?"

ಹಡಗು ಒಡೆಯೋದರ ಬಗ್ಗೆ ಏನೇ ಬರೆದರೂ ಇದೇ ಪ್ರಶ್ನೆ. ಸರಿ, ಇನ್ನೊಂದು ಸಲ.

ನಡೆದದ್ದು ಚುಟುಕಾಗಿ. 1997ರಲ್ಲಿ ನಿವೃತ್ತಿಯಾದ ಈ ಯುದ್ಧವಿಮಾನ ಹೊರುವ ಹಡಗನ್ನು 2005ರ ಡಿಸೆಂಬರ್ 31ರಂದು ಫ್ರಾನ್ಸಿನ ಟೂಲೋನ್ ಬಂದರಿನಿಂದ ಟಗ್ ಕಟ್ಟಿ, ಹಳೇ ಹಡಗು ಒಡೆಯುವ ಗುಜರಾತಿನ ಅಲಂಗ್ ಕಡಲತೀರದ ಕಡೆ ಎಳೆದುಕೊಂಡು ಹೊರಟರು. ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ನಡುಕಡಲಲ್ಲೇ ಅದನ್ನು ಹತ್ತಿದರು. ಸೂಯೆಜ್ ಕಾಲುವೆ ಹತ್ತಿರ ಈಜಿಪ್ಟ್ ಕೆಲವು ದಿನ ತಡೆಯಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ ಸದ್ಯಕ್ಕೆ ಒಳಗೆ ಬರಬೇಡಿ ಅಂದಿತು. 2006ರ ಫೆಬ್ರವರಿ 15ರಂದು ಫ್ರಾನ್ಸಿನದೇ ದೊಡ್ಡ ಕೋರ್ಟು ತಡೆ ಕೊಟ್ಟಿತು. ಅದೇ ದಿನ ಅಧ್ಯಕ್ಷ ಶಿರಾಕ್ ಹಡಗನ್ನು ವಾಪಸ್ ಕರೆಸಿದರು.

ಈಗ ಆ "ಅಲ್ಲೇ ತೆಗೆದು" ಅನ್ನೋ ಮಾತಿಗೆ ಬರೋಣ. ಗೋಡೌನಿನಲ್ಲಿ ಮೂಟೆ ಪೇರಿಸಿಟ್ಟ ಹಾಗೆ ಹಡಗಿನಲ್ಲೂ ವಿಷ ಒಂದು ಕಡೆ ಇರುತ್ತದೆ, ಇಳಿಸಿದರೆ ಆಯ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ ಸ್ವಾಮಿ. ಆ ಕಾಲದ ಹಡಗಿನಲ್ಲಿ ಆಸ್ಬೆಸ್ಟಾಸ್, ಅಂದರೆ ಬಿಸಿ ತಡೆಯೋಕೆ ಬಳಸುತ್ತಿದ್ದ ನಾರಿನಂಥ ಖನಿಜ, ಬಾಯ್ಲರಿನ ಸುತ್ತ ಇರುತ್ತದೆ, ಹಬೆ ಪೈಪಿನ ಹೊದಿಕೆಯಲ್ಲಿರುತ್ತದೆ, ಕ್ಯಾಬಿನ್ನಿನ ಗೋಡೆ ಹಲಗೆಯೊಳಗೆ, ಗ್ಯಾಸ್ಕೆಟ್ಟಿನಲ್ಲಿ, ಎಲ್ಲ ಕಡೆ. ಬಣ್ಣದಲ್ಲಿ ಸೀಸ, ಹಳೇ ಕೇಬಲ್ಲುಗಳಲ್ಲಿ ಪಿಸಿಬಿ ಅನ್ನೋ ವಿಷದ ರಾಸಾಯನಿಕ. ಕೈಗೆ ಸಿಕ್ಕಿದ್ದನ್ನು ಟೂಲೋನ್‌ನಲ್ಲಿ ತೆಗೆದಿದ್ದರು ನಿಜ. ಉಳಿದದ್ದನ್ನೂ ಕಿತ್ತರೆ ಹಡಗು ಸಮುದ್ರಯಾನ ತಡೆಯೋದಿಲ್ಲ ಅಂತ ಫ್ರಾನ್ಸ್ ಸರ್ಕಾರವೇ ವಾದಿಸಿತು. ಅಂದರೆ ಪೂರ್ತಿ ತೆಗೆಯಬೇಕಾದರೆ ಹಡಗನ್ನು ಅಲ್ಲೇ ಒಡೆಯಬೇಕು. ಹೋರಾಟಗಾರರು ಕೇಳಿದ್ದೂ ಅದನ್ನೇ!

ಹಡಗಿನಲ್ಲಿ ಎಷ್ಟು ಆಸ್ಬೆಸ್ಟಾಸ್ ಉಳಿದಿದೆ ಅನ್ನೋದಕ್ಕಾದರೂ ಒಂದು ಲೆಕ್ಕ ಇತ್ತಾ? ಸುಮಾರು 45 ಟನ್ ಅಂತ ಸರ್ಕಾರ. 500ರಿಂದ 1000 ಟನ್ ಅಂತ ಟೂಲೋನ್‌ನಲ್ಲಿ ಅದನ್ನು ತೆಗೆಯುವ ಮೊದಲ ಹಂತದ ಕೆಲಸ ಮಾಡಿದ ಕಂಪನಿ. ಗೋಡೆ ಬಿಚ್ಚದೆ ಗೋಡೆಯೊಳಗೆ ಇರೋದನ್ನು ಯಾರು ತೂಗುತ್ತಾರೆ?

ಅಲಂಗ್‌ನಲ್ಲಿ ದೊಡ್ಡ ಉಬ್ಬರದ ದಿನ ಹಡಗನ್ನು ಮರಳಿಗೆ ನುಗ್ಗಿಸುತ್ತಾರೆ, ನೀರು ಇಳಿದ ಮೇಲೆ ಅದು ಕೆಸರಲ್ಲಿ ಕೂರುತ್ತದೆ. ಗ್ಯಾಸ್ ಕಟರ್ ಹಿಡಿದವನು ಪೈಪು ಕತ್ತರಿಸುವ ಮೊದಲು ಅದರ ಮೇಲಿನ ಹೊದಿಕೆ ಕಿತ್ತು ಹಾಕಬೇಕು. ಒಣಗಿದ ಹೊದಿಕೆ ಪುಡಿಪುಡಿಯಾಗಿ ಉದುರುತ್ತದೆ, ಕಣ್ಣಿಗೆ ಕಾಣದ ಎಳೆ ಶ್ವಾಸಕೋಶಕ್ಕೆ ಹೋಗುತ್ತದೆ. ಅವತ್ತು ಕೆಮ್ಮೂ ಬರಲ್ಲ. ಕಾಯಿಲೆ ಕಾಣಿಸೋಕೆ 20, 30, ಕೆಲವೊಮ್ಮೆ 40 ವರ್ಷ ಬೇಕು. ಅಷ್ಟರಲ್ಲಿ ಒಡಿಶಾದಿಂದಲೋ ಬಿಹಾರದಿಂದಲೋ ಬಂದಿದ್ದವನು ಊರಿಗೆ ವಾಪಸ್ ಹೋಗಿರುತ್ತಾನೆ. ಹಾಗಾಗಿ "ಅಲ್ಲಿ ಕೆಲಸ ಮಾಡೋರು ಗಟ್ಟಿಮುಟ್ಟಾಗೇ ಇದ್ದಾರಲ್ಲ" ಅಂತ ದಯವಿಟ್ಟು ಬರೆಯಬೇಡಿ. ಫ್ರಾನ್ಸ್ ತನ್ನ ನೆಲದಲ್ಲಿ ಆಸ್ಬೆಸ್ಟಾಸ್ ನಿಷೇಧಿಸಿದ್ದು ಯಾವಾಗ ಗೊತ್ತಾ? 1997. ಈ ಹಡಗು ನಿವೃತ್ತಿಯಾದ ವರ್ಷವೇ.

ಕೊನೆಗೆ ಕ್ಲೆಮೆನ್ಸೋ 2009ರಲ್ಲಿ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ಗೆ ಹೋಯಿತು, ಅಲ್ಲೇ ಒಡೆದರು. ಅಲ್ಲಿನ ಕೆಲವರೂ ಬೇಡ ಅಂತ ಹೋರಾಡಿದ್ದರು. ಇತ್ತ ಅಲಂಗ್‌ಗೆ 2006ರಲ್ಲೇ ಬ್ಲೂ ಲೇಡಿ ಅನ್ನೋ ಹಳೇ ಪ್ರವಾಸಿ ಹಡಗು ಬಂತು, ಅದರಲ್ಲೂ ಆಸ್ಬೆಸ್ಟಾಸ್ ರಾಶಿ ಇತ್ತು, 2007ರಲ್ಲಿ ಸುಪ್ರೀಂ ಕೋರ್ಟ್ ಒಡೆಯೋಕೆ ಒಪ್ಪಿತು. ಗೆದ್ದೆವು ಅಂತ ಕುಣಿಯುವ ಹಾಗೂ ಇರಲಿಲ್ಲ.

ಇನ್ನು ಯಾರೂ ಕೇಳದ ಒಂದು ವಿಷಯ. ನಮ್ಮ ದನದ ಕೊಟ್ಟಿಗೆ, ಬಾಡಿಗೆ ಮನೆಗಳ ಮೇಲಿನ ಹಳೇ ಸಿಮೆಂಟ್ ಶೀಟು ಇದೆಯಲ್ಲ, ಬಹುಪಾಲು ಅದರಲ್ಲೂ ಆಸ್ಬೆಸ್ಟಾಸ್ ಇದೆ. ವಿದೇಶದಿಂದ ನಾರು ತರಿಸಿ ಅಂಥ ಶೀಟು ಮಾಡೋದು ಇಲ್ಲಿ ಇವತ್ತಿಗೂ ಕಾನೂನುಬದ್ಧ. ಶೀಟು ಗಟ್ಟಿಯಾಗಿದ್ದರೆ ಸುಮ್ನೆ ಗಾಬರಿಯಾಗಬೇಡಿ. ಕೊರೆದಾಗ, ಗರಗಸ ಹಾಕಿದಾಗ, ಮೇಲಿಂದ ಎಸೆದು ಒಡೆದಾಗಲೇ ತೊಂದರೆ ಜಾಸ್ತಿ. ಬದಲಾಯಿಸಬೇಕಾದರೆ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ. ಬಿದ್ದ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.