ಡೈರಿಯಲ್ಲಿ ಒಂದು ಸೊಟ್ಟ ಚಿತ್ರವೂ ಇರಲಿ

50 ರೂಪಾಯಿ ನೋಟು ನಮ್ಮ ಕೈಯಲ್ಲಿ ದಿನಾ ಓಡಾಡುತ್ತದೆ. ಈಗ ಜೇಬಿಗೆ ಕೈ ಹಾಕದೆ, ಆ ನೀಲಿ ನೋಟಿನ ಹಿಂಬದಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. ಹಂಪಿಯ ಕಲ್ಲಿನ ರಥ ಬಹಳ ಜನಕ್ಕೆ ನೆನಪಾಗುತ್ತದೆ. ಅದರಾಚೆ? ಗಾಂಧೀಜಿಯ ಕನ್ನಡಕದ ಗುರುತು ಎಲ್ಲಿದೆ? ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಷ್ಟನೇ ಸಾಲಿನಲ್ಲಿದೆ? (ನಾಲ್ಕನೆಯದು.) ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇವೆ. ಆದರೂ ಪೆನ್ನು ಅರ್ಧಕ್ಕೇ ನಿಂತುಬಿಡುತ್ತದೆ.

ಅಮೆರಿಕದಲ್ಲಿ ಮನೋವಿಜ್ಞಾನಿಗಳಾದ ರೇಮಂಡ್ ನಿಕರ್ಸನ್ ಮತ್ತು ಮರಿಲಿನ್ ಆಡಮ್ಸ್ 1979ರಲ್ಲಿ ಇದೇ ಬಗೆಯ ಪರೀಕ್ಷೆ ಮಾಡಿದ್ದರು. ಒಂದು ಸೆಂಟಿನ ನಾಣ್ಯವನ್ನು ನೆನಪಿನಿಂದ ಬರೆಯಿರಿ ಎಂದು ಅಲ್ಲಿನವರನ್ನೇ ಕೇಳಿದರು. ನಾಣ್ಯದ ಎಂಟು ಮುಖ್ಯ ಗುರುತುಗಳಲ್ಲಿ ಅರ್ಧದಷ್ಟನ್ನು ಸರಿಯಾದ ಜಾಗದಲ್ಲಿ ಕೂರಿಸುವುದೂ ಹೆಚ್ಚಿನವರಿಗೆ ಆಗಲಿಲ್ಲ. ಇದರಲ್ಲಿ ಮಿದುಳಿನ ತಪ್ಪೇನೂ ಇಲ್ಲ. ನೋಟನ್ನು ಖರ್ಚು ಮಾಡಲು ಬಣ್ಣ ಮತ್ತು ಅಂಕಿ ಸಾಕು. ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಮಿದುಳು ಬಿಟ್ಟುಬಿಡುತ್ತದೆ. ನಮ್ಮ ದಿನಗಳೂ ಹೀಗೇ ಕೈಬಿಟ್ಟು ಹೋಗುತ್ತವೆ. ಕಳೆದ ತಿಂಗಳ ಎರಡನೇ ಮಂಗಳವಾರ ಏನಾಯಿತು ಎಂದು ಕೇಳಿದರೆ ತಟ್ಟನೆ ಹೇಳಬಲ್ಲವರು ಎಷ್ಟು ಜನ?

ಅದಕ್ಕೇ ಡೈರಿ ಬೇಕು. ಅದರಲ್ಲಿ ಬರಹದ ಜೊತೆ ಚಿತ್ರವೂ ಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಚಿತ್ರ ಬಿಡಿಸಲು ಬರುವವರಿಗೆ ಮಾತ್ರ ಹೇಳುತ್ತಿಲ್ಲ. ಬಾರದವರಿಗೇ ಹೆಚ್ಚಾಗಿ ಹೇಳುತ್ತಿದ್ದೇನೆ.

ಒಂದು ದಾಸವಾಳವನ್ನೇ ತೆಗೆದುಕೊಳ್ಳಿ. ಪೂಜೆಗೆಂದು ದಿನಾ ಕೊಯ್ಯುವ, ಐದೆಸಳಿನ, ಸಾದಾ ಕೆಂಪು ದಾಸವಾಳ. ಎದುರಿಗಿಟ್ಟುಕೊಂಡು ಗೆರೆ ಎಳೆಯಲು ಶುರು ಮಾಡಿದ ಕೂಡಲೇ ಕೈ ತಡೆಯುತ್ತದೆ. ಎರಡು ಎಸಳು ಸೇರುವ ಜಾಗದಲ್ಲಿ ಯಾವುದರ ಅಂಚು ಮೇಲೆ, ಯಾವುದರದ್ದು ಕೆಳಗೆ? ಸುಮ್ನೆ ನೋಡುವಾಗ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಬರೆಯುವಾಗ ಉತ್ತರ ಸಿಗದೆ ಗೆರೆ ಮುಂದೆ ಹೋಗುವುದಿಲ್ಲ. ಹೂವನ್ನು ಬೆರಳಲ್ಲಿ ತಿರುಗಿಸಿ ಒಂದೊಂದೇ ಎಸಳು ನೋಡುತ್ತಾ ಬಂದರೆ ವಿಷಯ ತಿಳಿಯುತ್ತದೆ. ಪ್ರತಿ ಎಸಳಿನ ಒಂದು ಅಂಚು ಈ ಕಡೆಯ ಎಸಳಿನ ಮೇಲಿದೆ, ಇನ್ನೊಂದು ಅಂಚು ಆ ಕಡೆಯ ಎಸಳಿನ ಕೆಳಗಿದೆ. ಐದೂ ಒಂದೇ ದಿಕ್ಕಿಗೆ ಸುತ್ತಿಕೊಂಡು ಕೂತಿವೆ. ಬೆಂಡೆಯ ಹೂವು, ಹತ್ತಿಯ ಹೂವು ದಾಸವಾಳದ ನೆಂಟರೇ, ಅವುಗಳಲ್ಲೂ ಇದೇ ಜೋಡಣೆ. ಇನ್ನು ನಡುವಿನ ಉದ್ದ ಕೊಳವೆ. ಅದರ ಮೇಲರ್ಧದ ತುಂಬ ಹಳದಿ ಪರಾಗದ ಚುಕ್ಕೆಗಳು, ತುದಿಯಲ್ಲಿ ಪುಟ್ಟ ಪುಟ್ಟ ಗುಂಡುಗಳು. ಅವೂ ಐದೇ ಇವೆ ಎನ್ನುವುದು ಬರೆಯಲು ಹೋಗಿ ಎಣಿಸಿದಾಗಲೇ ಗೊತ್ತಾಗುವುದು. ಹಾಳೆಯ ಮೇಲೆ ಮೂಡಿದ ಹೂವು ನೋಡಲು ಚೆನ್ನಾಗಿಲ್ಲದೆ ಇರಬಹುದು. ಆದರೆ ಈ ಜೋಡಣೆಯನ್ನು ಒಮ್ಮೆ ಕೈಯಿಂದ ಬರೆದವರು ಬೇಗ ಮರೆಯುವುದಿಲ್ಲ.

ಯಾಕೆ ಮರೆಯುವುದಿಲ್ಲ ಎನ್ನುವುದನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೆಫ್ರಿ ವಾಮ್ಸ್, ಮೆಲಿಸಾ ಮೀಡ್ ಮತ್ತು ಮೈರಾ ಫರ್ನಾಂಡಿಸ್ ಬೆನ್ನುಹತ್ತಿ ನೋಡಿದ್ದಾರೆ. ಅವರ ಪ್ರಯೋಗ ಬಹಳ ಸರಳ. ಜನರಿಗೆ ಒಂದೊಂದೇ ಪದ ಕೊಟ್ಟರು. ಕೆಲವು ಪದಗಳಿಗೆ ಚಿತ್ರ ಬರೆಯಬೇಕು, ಇನ್ನು ಕೆಲವನ್ನು ಮತ್ತೆ ಮತ್ತೆ ಅಕ್ಷರದಲ್ಲಿ ಬರೆಯಬೇಕು. ಒಂದೊಂದಕ್ಕೆ 40 ಸೆಕೆಂಡು. ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿಸಿ, ನೆನಪಿರುವ ಪದಗಳನ್ನೆಲ್ಲ ಹೇಳಿ ಎಂದರು. ಬರೀ ಅಕ್ಷರದಲ್ಲಿ ಬರೆದ ಪದಗಳಿಗಿಂತ ಚಿತ್ರವಾದ ಪದಗಳೇ ತುಂಬಾ ಜಾಸ್ತಿ ನೆನಪಿಗೆ ಬಂದವು, ಎಷ್ಟೋ ಸಲ ಎರಡರಷ್ಟು. 2016ರಲ್ಲಿ ಇದು ಪ್ರಕಟವಾಯಿತು. ಬರೀ ಕಲ್ಪಿಸಿಕೊಂಡರೆ? ಬೇರೆಯವರು ಬರೆದ ಚಿತ್ರ ನೋಡಿದರೆ? ಆ ವಸ್ತುವಿನ ಗುಣಗಳನ್ನು ಪಟ್ಟಿ ಮಾಡಿದರೆ? ಇವೆಲ್ಲವನ್ನೂ ಅವರು ಪರೀಕ್ಷಿಸಿದರು. ಸ್ವತಃ ಬರೆದ ಚಿತ್ರವೇ ಮುಂದಿತ್ತು. ಸಮಯವನ್ನು 4 ಸೆಕೆಂಡಿಗೆ ಇಳಿಸಿದರೂ ಲಾಭ ಉಳಿಯಿತು. ನನಗೆ ತುಂಬಾ ಹಿಡಿಸಿದ ಫಲಿತಾಂಶ ಇನ್ನೊಂದಿದೆ. ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಎನ್ನುವುದಕ್ಕೂ ನೆನಪಿಗೂ ಸಂಬಂಧವೇ ಇರಲಿಲ್ಲ.

ಕಾರಣವನ್ನೂ ಅವರು ಕೊಡುತ್ತಾರೆ. ಚಿತ್ರ ಬರೆಯಲು ಆ ವಸ್ತು ಏನು, ಹೇಗಿರುತ್ತದೆ ಎಂದು ಯೋಚಿಸಬೇಕು. ಕೈ ಆಡಿಸಬೇಕು. ಆಮೇಲೆ ಹಾಳೆಯ ಮೇಲೆ ಮೂಡಿದ್ದನ್ನು ಕಣ್ಣು ನೋಡುತ್ತದೆ. ಅರ್ಥ, ಕೈಯ ಚಲನೆ, ರೂಪ, ಹೀಗೆ ಒಂದೇ ವಿಷಯದ ಗುರುತು ಮೂರು ಬಗೆಯಲ್ಲಿ ಉಳಿಯುತ್ತದೆ. ಒಂದು ಮಸುಕಾದರೂ ಇನ್ನೊಂದರ ಕೈ ಹಿಡಿದು ನೆನಪು ಮೇಲೆ ಬರುತ್ತದೆ.

ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ವಸ್ತುಸಂಗ್ರಹಾಲಯದಲ್ಲಿ ಸುತ್ತಾಡಿಸಿದರು. ಕೆಲವು ವಸ್ತುಗಳ ಫೋಟೋ ತೆಗೆಯಬೇಕು, ಕೆಲವನ್ನು ಬರೀ ನೋಡಬೇಕು. ಮರುದಿನ ಕೇಳಿದರೆ, ಫೋಟೋ ತೆಗೆದವುಗಳ ವಿವರವೇ ಕಡಿಮೆ ನೆನಪಿತ್ತು. ಕ್ಯಾಮೆರಾ ನೋಡಿಕೊಳ್ಳುತ್ತದೆ ಎಂದು ಮನಸ್ಸು ನಿಶ್ಚಿಂತೆಯಿಂದ ಕೈಬಿಟ್ಟಂತಿತ್ತು. ಆದರೆ ವಸ್ತುವಿನ ಒಂದು ಭಾಗವನ್ನು ಝೂಮ್ ಮಾಡಿ ತೆಗೆದವರಿಗೆ ಈ ನಷ್ಟ ಆಗಲಿಲ್ಲ. ಯಾವ ಭಾಗ ಎಂದು ಆರಿಸಲು ಅವರು ಗಮನ ಕೊಟ್ಟು ನೋಡಬೇಕಾಯಿತಲ್ಲ! ಚಿತ್ರ ಬರೆಯುವವರು ಪ್ರತಿ ಗೆರೆಗೂ ಅದನ್ನೇ ಮಾಡುತ್ತಾರೆ.

ಹಾಗಾದರೆ ಬರಹ ಬೇಡವೇ? ಖಂಡಿತ ಬೇಕು. ಇದಕ್ಕೆ ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ವಿಲ್ಲೆಮ್ ವಾಗೆನಾರ್ ಅವರ ಕಥೆ ಕೇಳಬೇಕು. ಅವರು ಆರು ವರ್ಷ ದಿನವೂ ತಮ್ಮ ಬದುಕಿನ ಘಟನೆಗಳನ್ನು ಬರೆದಿಟ್ಟರು. ಒಟ್ಟು ಸುಮಾರು 2,400 ಘಟನೆಗಳು. ಪ್ರತಿಯೊಂದಕ್ಕೂ ಏನು, ಯಾರು, ಎಲ್ಲಿ, ಯಾವಾಗ ಎಂಬ ನಾಲ್ಕು ಉತ್ತರ, ಜೊತೆಗೆ ಆ ಘಟನೆಗಷ್ಟೇ ಸೇರಿದ ಒಂದು ಸಣ್ಣ ವಿವರ. ಆಮೇಲೆ ಒಂದೊಂದೇ ಸುಳಿವು ತೆರೆದು ತಮ್ಮ ನೆನಪನ್ನು ತಾವೇ ಪರೀಕ್ಷಿಸಿಕೊಂಡರು. 1986ರಲ್ಲಿ ಫಲಿತಾಂಶ ಪ್ರಕಟಿಸಿದರು. 'ಏನು' ಎನ್ನುವ ಸುಳಿವು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. 'ಯಾವಾಗ' ಮಾತ್ರ ಒಂಟಿಯಾಗಿ ಹೆಚ್ಚುಕಡಿಮೆ ಕೆಲಸಕ್ಕೇ ಬರಲಿಲ್ಲ. ತಾರೀಕು ಓದಿದರೆ ಏನೂ ನೆನಪಾಗುತ್ತಿರಲಿಲ್ಲ. ಪೂರ್ತಿ ಮರೆತೇಹೋಗಿದೆ ಎನಿಸಿದ ಕೆಲವು ಘಟನೆಗಳ ಬಗ್ಗೆ, ಆಗ ಜೊತೆಗಿದ್ದವರನ್ನು ಕೇಳಿ ಇನ್ನಷ್ಟು ವಿವರ ಪಡೆದರು. ಅವೂ ಮರಳಿ ಬಂದವು.

ಅಂಗಡಿಯ ಡೈರಿಗಳಲ್ಲಿ ಪುಟದ ನೆತ್ತಿಯ ಮೇಲೆ ದಪ್ಪಗೆ ಅಚ್ಚಾಗಿರುವುದು ತಾರೀಕೇ. ಅದು ಎಲ್ಲಕ್ಕಿಂತ ದುರ್ಬಲ ಸುಳಿವು. ನಮ್ಮ ಹಳ್ಳಿಗಳ ಹಿರಿಯರು ಹೇಳುವ ರೀತಿಯೇ ಬೇರೆ. "ಆ ವರ್ಷ ಕೆರೆ ಕೋಡಿ ಬಿದ್ದಿತ್ತಲ್ಲ, ಆಗ" ಎನ್ನುತ್ತಾರೆ. ಅವರು ನೆನಪನ್ನು ಕಟ್ಟುವುದು ಘಟನೆಗೆ. ಹಾಗಾಗಿ ಡೈರಿಯಲ್ಲಿ "ಇವತ್ತು ಮದುವೆಗೆ ಹೋಗಿದ್ದೆ, ಊಟ ಚೆನ್ನಾಗಿತ್ತು" ಎಂದು ಮುಗಿಸಿದರೆ ಹತ್ತು ವರ್ಷದ ಮೇಲೆ ಅದು ಏನನ್ನೂ ವಾಪಸ್ ತರುವುದಿಲ್ಲ. ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನಕಾಯಿ ಪಕ್ಕದ ಕೋಸಂಬರಿಗೆ ಹರಿದದ್ದನ್ನು ಗೀಚಿ, ಪಕ್ಕದಲ್ಲಿ ಯಾರು ಕೂತಿದ್ದರು, ಏನು ಹೇಳಿ ನಕ್ಕರು ಎಂದು ಎರಡು ಸಾಲು ಬರೆದರೆ ಇಡೀ ಪಂಕ್ತಿಯೇ ಎದ್ದು ಬರುತ್ತದೆ. ರೂಪವನ್ನು ಚಿತ್ರ ಹಿಡಿಯುತ್ತದೆ. ಹೆಸರು, ಮಾತು, ಕಾರಣ ಇವನ್ನು ಚಿತ್ರದಿಂದ ಹಿಡಿಯಲಾಗದು, ಅದಕ್ಕೆ ಅಕ್ಷರವೇ ಬೇಕು.

ಎರಡೂ ಒಂದೇ ಪುಟದಲ್ಲಿ ಸೇರಿದರೆ ಏನಾಗಬಹುದು ಎನ್ನುವುದಕ್ಕೆ ಚಾರ್ಲ್ಸ್ ಡಾರ್ವಿನ್ನರ ಒಂದು ಪುಟ ನೋಡಬೇಕು. 1837. ಡಾರ್ವಿನ್ನರಿಗೆ ಆಗ 28 ವರ್ಷ. ಬೀಗಲ್ ಹಡಗಿನ ಪ್ರವಾಸ ಮುಗಿಸಿ ಬಂದು, 'ಬಿ' ಎಂದು ಗುರುತು ಹಾಕಿದ ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ತಮಗಾಗಿ ಬರೆದುಕೊಳ್ಳುತ್ತಿದ್ದರು. ಅದರ 36ನೇ ಪುಟದ ಮೇಲ್ಭಾಗದಲ್ಲಿ ಇಂಗ್ಲಿಷಿನ ಎರಡೇ ಪದ: 'ಐ ಥಿಂಕ್', ಅಂದರೆ 'ನನಗನಿಸುತ್ತದೆ'. ಅಲ್ಲಿಗೆ ವಾಕ್ಯ ನಿಂತಿದೆ. ಕೆಳಗೆ ಕಡ್ಡಿಕಡ್ಡಿಯಾದ ಒಂದು ಮರ. ಬುಡದಲ್ಲಿ 1, ಕವಲುಗಳ ತುದಿಯಲ್ಲಿ ಎ, ಬಿ, ಸಿ, ಡಿ. ಕೆಲವು ಕವಲಿನ ತುದಿಗೆ ಅಡ್ಡಗೆರೆ ಇದೆ, ಅವು ಇಂದಿಗೂ ಬದುಕಿರುವ ಜೀವಿಗಳು. ಅಡ್ಡಗೆರೆ ಇಲ್ಲದವು ಅಳಿದುಹೋದವು. ಮರದ ಪಕ್ಕದ ಖಾಲಿ ಜಾಗದಲ್ಲಿ ಮತ್ತೆ ಬರಹ ಶುರುವಾಗುತ್ತದೆ. ಇಷ್ಟು ಬಗೆಯ ಜೀವಿಗಳು ಇರಬೇಕಾದರೆ ಕೆಲವು ಅಳಿಯಲೇಬೇಕು, ಎ-ಗೂ ಬಿ-ಗೂ ನಡುವೆ ದೊಡ್ಡ ಅಂತರವಿದೆ, ಸಿ-ಗೂ ಬಿ-ಗೂ ಬಹಳ ಹತ್ತಿರ, ಹೀಗೆ. ಚಿತ್ರ ತೋರಿಸಿದ್ದನ್ನು ಪದ ವಿವರಿಸುತ್ತಾ ಹೋಗುತ್ತದೆ. 22 ವರ್ಷಗಳ ನಂತರ ಬಂದ ಅವರ ಜೀವವಿಕಾಸದ ಪುಸ್ತಕದಲ್ಲಿ ಇರುವುದು ಒಂದೇ ಚಿತ್ರ. ಅದೂ ಕವಲೊಡೆಯುವ ಗೆರೆಗಳದ್ದೇ. ಅಂದಹಾಗೆ, ತಮಗೆ ಚಿತ್ರ ಬರೆಯಲು ಬಾರದಿದ್ದದ್ದು ಸರಿಪಡಿಸಲಾಗದ ಕೊರತೆ ಎಂದು ಡಾರ್ವಿನ್ ಆತ್ಮಕಥೆಯಲ್ಲಿ ಕೊರಗಿದ್ದಾರೆ. ಆ ಮರವನ್ನು ಬರೆದದ್ದು ಅದೇ ಕೈ.

ಮನಸ್ಸಿನ ಭಾರ ಇಳಿಸಿಕೊಳ್ಳಲು ಡೈರಿ ಬರೆಯುವವರೂ ಬಹಳ. ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಕಹಿ ಅನುಭವ ಬರೆದರು. ಬರೆದ ತಕ್ಷಣ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋದದ್ದು ಕಡಿಮೆ. ಆಮೇಲೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟು ನೋಡಿದರೆ ಲಾಭ ಇದೆ, ಆದರೆ ಚಿಕ್ಕದು. ದೊಡ್ಡ ನೋವಿಗೆ ಡೈರಿಯೇ ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಜೊತೆಗೊಬ್ಬ ಮನುಷ್ಯ ಬೇಕು.

ಶುರು ಮಾಡಲು ದುಬಾರಿ ಪುಸ್ತಕ, ಬಣ್ಣ ಯಾವುದೂ ಬೇಡ. ಗೆರೆ ಇಲ್ಲದ ನೋಟ್‌ಬುಕ್ಕು, ಒಂದು ಬಾಲ್ ಪೆನ್ನು ಸಾಕು. ರಬ್ಬರ್ ಹತ್ತಿರ ಇಟ್ಟುಕೊಳ್ಳಬೇಡಿ, ಅದು ಇದ್ದರೆ ಅಳಿಸುವುದೇ ಕೆಲಸವಾಗುತ್ತದೆ. ಇಡೀ ದಿನವನ್ನು ಬರೆಯಲು ಹೋಗಬೇಡಿ. ಆ ದಿನದ ಒಂದು ವಸ್ತು ಆರಿಸಿಕೊಳ್ಳಿ: ಬಸ್ಸಿನ ಟಿಕೆಟ್ಟು, ಅರ್ಧ ಕುಡಿದ ಕಾಫಿ ಲೋಟ, ಮಗುವಿನ ಚಪ್ಪಲಿ. ನಿಮಿಷ ಎರಡು ನಿಮಿಷ ಅದನ್ನು ಬರೆಯಿರಿ. ಕೆಳಗೆ ಯಾರು, ಎಲ್ಲಿ, ಏನು. ಕೊನೆಗೆ, ವಾಗೆನಾರ್ ಮಾಡಿದಂತೆ, ಆ ದಿನಕ್ಕಷ್ಟೇ ಸೇರಿದ ಒಂದು ವಿವರ.

ಮನೆಯಲ್ಲಿ ಮರೆವು ಶುರುವಾದ ಹಿರಿಯರಿದ್ದರೆ ಅವರ ಕೈಗೂ ಒಂದು ಪೆನ್ನು ಕೊಡಿ. ವಾಟರ್ಲೂ ತಂಡ ಆಮೇಲೆ ವಯಸ್ಸಾದವರ ಜೊತೆಗೂ, ಮರೆವಿನ ಕಾಯಿಲೆ ಇರಬಹುದಾದವರ ಜೊತೆಗೂ ಇದೇ ಪ್ರಯೋಗ ಮಾಡಿದೆ. ಬರೆದ ಪದಕ್ಕಿಂತ ಬರೆದ ಚಿತ್ರ ಅವರಲ್ಲೂ ಜಾಸ್ತಿ ಉಳಿದಿತ್ತು. "ನನಗೆಲ್ಲಿ ಚಿತ್ರ ಬರುತ್ತಪ್ಪ" ಎಂದು ಅಜ್ಜಿ ಹಿಂಜರಿದರೆ ರಂಗೋಲಿಯಿಂದ ಶುರು ಮಾಡಿಸಿ. ಚುಕ್ಕೆ ಎಷ್ಟು, ಯಾವ ಹಬ್ಬಕ್ಕೆ ಹಾಕುತ್ತಿದ್ದರು, ಯಾರು ಕಲಿಸಿದ್ದು ಎಂದು ಕೇಳುತ್ತಾ ಪಕ್ಕದಲ್ಲಿ ನೀವು ಬರೆದುಕೊಳ್ಳಿ.